ಜಾಂಬಿಯಾ ತಾಮ್ರವನ್ನು ಬಿಟ್ಟು ಬೇಸಾಯದತ್ತ ತಿರುಗಬೇಕೇ?

ತಾಮ್ರವನ್ನೇ ನೆಚ್ಚಿಕೊಂಡಿರುವ ಜಾಂಬಿಯಾ ಗಣಿಗಾರಿಕೆಯನ್ನು ಕಡಿಮೆ ಮಾಡಿ ಕೃಷಿಯನ್ನು ಬೆಳೆಸಿದರೆ ಅದರ ಆರ್ಥಿಕತೆ ಸ್ಥಿರವಾಗುವುದೇ ಎಂದು ಕೇಳಿದ್ದೀರಿ. ಗಣಿಯ ಏಳುಬೀಳು ಅಲ್ಲಿನ ಹೊಲವನ್ನೂ ಎಳೆದಾಡುತ್ತದೆ. ಆದ್ದರಿಂದ ಒಂದನ್ನು ಕುಗ್ಗಿಸಿ ಇನ್ನೊಂದನ್ನು ಹಿಗ್ಗಿಸುವ ದಾರಿಯಲ್ಲಿ ನನಗೆ ನಂಬಿಕೆಯಿಲ್ಲ.

ಆ ದೇಶದ ರಫ್ತು ಗಳಿಕೆಯಲ್ಲಿ ಸುಮಾರು ಶೇ. 70ರಷ್ಟು ತಾಮ್ರದ್ದು. 1964ರಲ್ಲಿ ಸ್ವಾತಂತ್ರ್ಯ ಬಂದಾಗ ಆಫ್ರಿಕಾದ ಅನುಕೂಲಸ್ಥ ದೇಶಗಳ ಸಾಲಿನಲ್ಲಿ ಅದನ್ನು ನಿಲ್ಲಿಸಿದ್ದ ಈ ಲೋಹವೇ, 1970ರ ದಶಕದ ನಡುವಿನಲ್ಲಿ ಬೆಲೆ ಕುಸಿದಾಗ, ಅದನ್ನು ಸಾಲಕ್ಕೆ ದೂಡಿತು. ಬೆಲೆ ಏರಿದಾಗಲೂ ರೈತನಿಗೆ ನೆಮ್ಮದಿಯಿಲ್ಲ. ಡಾಲರ್ ಹರಿದುಬಂದು ಅಲ್ಲಿನ ನಾಣ್ಯವಾದ ಕ್ವಾಚಾ ಬಲಗೊಳ್ಳುತ್ತದೆ. ಆಗ ಡಾಲರಿಗೆ ಮಾರಿ ಕ್ವಾಚಾದಲ್ಲಿ ಕೂಲಿ ಕೊಡುವ ಹತ್ತಿ, ಹೂವು, ತಂಬಾಕು ಬೆಳೆಗಾರರು ಒಂದಿಷ್ಟೂ ತಪ್ಪು ಮಾಡದೆ ನಷ್ಟಕ್ಕೆ ಸಿಲುಕುತ್ತಾರೆ. 2005-06ರಲ್ಲಿ ನಡೆದದ್ದು ಇದೇ. ಬೋಟ್ಸ್ವಾನಾ ವಜ್ರದ ಆದಾಯದ ಒಂದು ಭಾಗವನ್ನು 1994ರಿಂದ ಪುಲಾ ನಿಧಿಯಲ್ಲಿ, ಹೊರದೇಶದ ಹೂಡಿಕೆಯಾಗಿ, ಕೂಡಿಡುತ್ತಾ ಬಂದಿದೆ. ಅಂಥ ಆಸರೆಯನ್ನು ಕಟ್ಟಿಕೊಳ್ಳದ ಜಾಂಬಿಯಾ 2020ರ ನವೆಂಬರಿನಲ್ಲಿ ಸಾಲಪತ್ರಗಳ ಬಡ್ಡಿ ಕಟ್ಟಲಾರದೆ ನಿಂತಿತು.

ಇನ್ನೂ ದೊಡ್ಡ ತೊಡಕು ಮಳೆಯದು. ವಿದ್ಯುತ್ತಿನ ಶೇ. 80ಕ್ಕೂ ಹೆಚ್ಚು ಪಾಲು ಜಲವಿದ್ಯುತ್ತಾಗಿದ್ದು, ಅದರ ಅರ್ಧದಷ್ಟನ್ನು ಗಣಿಗಳೇ ಬಳಸುತ್ತವೆ. ಸಣ್ಣ ರೈತರ ಮೆಕ್ಕೆಜೋಳವೂ ಮಳೆಯಾಶ್ರಿತ ಬೆಳೆಯೇ. 2024ರ ಬರದಲ್ಲಿ ಪೈರು ಒಣಗಿತು, ವಿದ್ಯುತ್ತಿನ ಮುಖ್ಯ ಆಧಾರವಾದ ಕರೀಬಾ ಜಲಾಶಯವೂ ತಳ ಕಂಡಿತು, ಫೆಬ್ರವರಿಯಲ್ಲಿ ಸರ್ಕಾರ ರಾಷ್ಟ್ರೀಯ ವಿಪತ್ತನ್ನು ಘೋಷಿಸಬೇಕಾಯಿತು. ನೀರಾವರಿಯನ್ನೂ ಬೇರೆ ಮೂಲದ ವಿದ್ಯುತ್ತನ್ನೂ ಒದಗಿಸದೆ ಸಾಗುವಳಿಯ ವಿಸ್ತೀರ್ಣವನ್ನಷ್ಟೇ ಹೆಚ್ಚಿಸಿದರೆ ಅಪಾಯ ಹಂಚಿಹೋಗುವ ಬದಲು ಒಂದೇ ಮೋಡದ ಕೆಳಗೆ ಗುಡ್ಡೆಯಾಗುತ್ತದೆ.

ಕೃಷಿಗೆ ಮೀಸಲಾದ ಹಣದ ಬಹುಪಾಲು ರಸಗೊಬ್ಬರದ ಸಹಾಯಧನಕ್ಕೂ ಮೆಕ್ಕೆಜೋಳದ ಖರೀದಿಗೂ ಹೋಗುತ್ತದೆ. ಸಂಶೋಧನೆಗೆ ಉಳಿಯುವುದು ಅತ್ಯಲ್ಪ. ಕೊರತೆಯ ಭಯ ಹುಟ್ಟಿದಾಗಲೆಲ್ಲ ರಫ್ತು ನಿಷೇಧಿಸುವ ರೂಢಿಯಂತೂ ನೆರೆದೇಶಗಳ ಖರೀದಿದಾರರ ವಿಶ್ವಾಸವನ್ನೇ ಕೆಡಿಸಿದೆ. ಸಾಗಣೆಯ ಮಾತೂ ಇದೆ: ಸಮುದ್ರವಿಲ್ಲದ ಆ ನಾಡಿನಿಂದ ಬಂದರಿಗೆ ಒಯ್ಯುವ ಬಾಡಿಗೆಯನ್ನು ಒಂದು ಟನ್ ತಾಮ್ರ ತಾಳಿಕೊಳ್ಳುತ್ತದೆ, ಒಂದು ಟನ್ ಮೆಕ್ಕೆಜೋಳ ತಾಳಲಾರದು. ಹೀಗಾಗಿ ಹೊಲದ ಪಕ್ಕದಲ್ಲೇ ಸಂಸ್ಕರಿಸಬಲ್ಲ ಬೆಳೆಗಳೇ ಅಲ್ಲಿ ಸ್ಪರ್ಧೆಗೆ ನಿಲ್ಲಬಲ್ಲವು. ಮಜಬುಕಾ ಬಳಿಯ ನಕಂಬಾಲಾ ಎಸ್ಟೇಟಿನಲ್ಲಿ ಕಾಫುಯೆ ನದಿಯ ನೀರಿನಿಂದ ಕಬ್ಬು ಬೆಳೆದು, ಅಲ್ಲೇ ಸಕ್ಕರೆ ಮಾಡಿ, ಹೊರದೇಶಕ್ಕೆ ಕಳುಹಿಸುತ್ತಾರೆ. ಅಂಥ ನೀರು, ವಿದ್ಯುತ್ತು, ಕಾರ್ಖಾನೆಗಳು ಸಣ್ಣ ಹಿಡುವಳಿದಾರರಿಗೂ ಸಿಗಬೇಕಾದರೆ ಬೇಕಾಗುವ ದೊಡ್ಡ ಬಂಡವಾಳ ಸದ್ಯಕ್ಕೆ ತಾಮ್ರದ ತೆರಿಗೆಯಿಂದಲೇ ಹುಟ್ಟಬೇಕು. ಆದ್ದರಿಂದ ಗಣಿಗಾರಿಕೆಯನ್ನು ಈಗ ಕುಗ್ಗಿಸುವುದನ್ನು ನಾನು ಒಪ್ಪುವುದಿಲ್ಲ.