19 ತಿಂಗಳ ಮಗ ಇನ್ನೂ ಮಾತಾಡ್ತಿಲ್ಲ, ಮನೆಯಲ್ಲಿ ಮೂರು ಭಾಷೆ. ಒಂದೇ ಭಾಷೆ ಸಾಕಾ? ಯಾವ ಆಟಿಕೆ ತರಲಿ?

ನಿಮ್ಮ ಪ್ರಶ್ನೆ ಓದಿ ನಮ್ಮ ಮನೆಯ ಆ ದಿನಗಳೇ ನೆನಪಾದವು. ನಾವಿರುವುದು ಕೊಡಗಿನ ಸುಂಟಿಕೊಪ್ಪದ ಹತ್ತಿರ. ಒಂದೂವರೆ ವರ್ಷವಾದರೂ ಮಗಳ ಬಾಯಲ್ಲಿ "ಅಮ್ಮ", "ಬಾ" ಬಿಟ್ಟರೆ ಬೇರೆ ಮಾತಿರಲಿಲ್ಲ.

ನಿಮ್ಮ ಮನೆಯಲ್ಲಿ ಕೊಡವ ತಕ್ಕ್, ಹೊರಗೆ ಕನ್ನಡ, ಮಗುವನ್ನು ನೋಡಿಕೊಳ್ಳುವ ಚೇಚಿಯದು ಮಲಯಾಳಂ ಅಂದಿದ್ದೀರಿ. ಯಾವುದನ್ನೂ ನಿಲ್ಲಿಸಬೇಡಿ. ಭಾಷೆ ಜಾಸ್ತಿಯಾಯಿತು ಅಂತ ಮಾತು ತಡವಾಗುವುದಿಲ್ಲ. ಪದ ಎಣಿಸುವಾಗ ಮಾತ್ರ ಮೂರೂ ಭಾಷೆಯದನ್ನು ಸೇರಿಸಿ ಎಣಿಸಿ.

ಆಟಿಕೆಗೆ ದುಡ್ಡು ಹಾಕಬೇಡಿ. ನಮ್ಮಲ್ಲಿ ಕೆಲಸಕ್ಕೆ ಬಂದದ್ದು ಒಂದು ಕಿತ್ತಳೆ ಹಣ್ಣು. ಅಲ್ಲಿಯವರೆಗೆ ನಾನು ದಿನವಿಡೀ "ಇದೇನು ಹೇಳು? ಕಾಗೆ ಅನ್ನು" ಅಂತ ಪರೀಕ್ಷೆ ಮಾಡುತ್ತಿದ್ದೆ. ಅವಳು ಮುಖ ತಿರುಗಿಸುತ್ತಿದ್ದಳು. ಕೇಳುವುದನ್ನು ಬಿಟ್ಟು ಅವಳ ಸರದಿಗೆ ಕಾಯಿರಿ ಅಂತ ಹೇಳಿದವರು ಮಾತಿನ ತೊಂದರೆ ನೋಡುವ ಒಬ್ಬ ಥೆರಪಿಸ್ಟ್.

ಕಾಫಿ ಕೊಯ್ಲಿನ ಸಮಯ. ಸಂಜೆ ನೆಲದ ಮೇಲೆ ಇಬ್ಬರೂ ಕಾಲು ಚಾಚಿ ಎದುರುಬದುರು ಕೂರುತ್ತಿದ್ದೆವು. "ಬಂತು, ಬಂತು... ಬಂತು!" ಅನ್ನುತ್ತಾ ನಾನು ಹಣ್ಣು ಉರುಳಿಸುವುದು, ಅವಳು ವಾಪಸ್ ತಳ್ಳುವುದು. ನಾಲ್ಕೈದು ಸಲ ಆದ ಮೇಲೆ ಹಣ್ಣನ್ನು ಕೈಯಲ್ಲೇ ಹಿಡಿದು, "ಬಂತು, ಬಂತು..." ಅಂದು ನಿಲ್ಲಿಸುತ್ತಿದ್ದೆ. ಅವಳ ಮುಖ ನೋಡುತ್ತಾ ಮನಸ್ಸಲ್ಲೇ ಹತ್ತು ಎಣಿಸುವುದು. ಅಷ್ಟು ಹೊತ್ತು ಸುಮ್ನಿರುವುದು ಕಷ್ಟ, ನಮ್ಮ ಬಾಯೇ ತೆರೆದುಬಿಡುತ್ತದೆ. ಮೊದಲ ದಿನಗಳಲ್ಲಿ ಅವಳು ಬರೀ ನೆಲ ತಟ್ಟುತ್ತಿದ್ದಳು. ಅದೂ ಮಾತೇ ಅಲ್ವಾ? ತಕ್ಷಣ ಉರುಳಿಸುತ್ತಿದ್ದೆ. ವಾರ ಕಳೆದ ಮೇಲೆ ಒಂದು ಸಂಜೆ "ತು!" ಅಂದಳು. ಸರಿಯಾಗಿ ಹೇಳು ಅನ್ನಲಿಲ್ಲ. "ಬಂತು! ಹಣ್ಣು ಬಂತು!" ಅಂದೆ.

ಸ್ನಾನದ ಚೊಂಬು, ಕೋಳಿಗೆ ಕಾಳು ಹಾಕುವುದು, ಸೆರಗಿನ ಮರೆಯಿಂದ ಇಣುಕುವುದು, ಎಲ್ಲದರಲ್ಲೂ ಇದೇ ಆಟ ಆಡಬಹುದು. ಕಾಫಿ ಬೀಜ, ಕರಿಮೆಣಸು ಮಾತ್ರ ಕೈಗೆ ಕೊಡಬೇಡಿ, ಮೂಗಿಗೆ ಹಾಕಿಕೊಳ್ಳುತ್ತವೆ. ನಮ್ಮ ಮಳೆಗಾಲದಲ್ಲಿ ಮೊಬೈಲ್ ಕೊಟ್ಟು ಕೂರಿಸುವ ಆಸೆ ಆಗುತ್ತದೆ, ಗೊತ್ತು. ಈ ವಯಸ್ಸಿಗೆ ಅದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಹೇಳಿದೆ. ಮೊಬೈಲ್ ನಿಮ್ಮ ಮಗನ ಸರದಿಗೆ ಕಾಯುವುದಿಲ್ಲ.

ಆದರೆ ಬರೀ ಆಟ ನಂಬಿ ಕೂರಬೇಡಿ. "ಗಂಡುಮಕ್ಕಳು ಮಾತಾಡೋದು ನಿಧಾನ" ಅನ್ನುವ ಮಾತಿಗೂ ಕಿವಿಗೊಡಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕುಕ್ಕರ್ ಸೀಟಿಗೆ ತಿರುಗಿ ನೋಡುತ್ತಾನೆ ಅಂದರೆ ಸಾಲದು. ಶೀತ ಆದಾಗ ಕಿವಿಯೊಳಗೆ ನೀರು ತುಂಬಿಕೊಂಡರೆ ದೊಡ್ಡ ಸದ್ದು ಕೇಳಿಸಿದರೂ ಮೆಲ್ಲನೆಯ ಮಾತು ಸರಿಯಾಗಿ ಕೇಳಿಸದೆ ಇರಬಹುದು. ಎರಡು ವರ್ಷಕ್ಕೆ "ಹಾಲು ಬೇಕು" ಅನ್ನುವಂತೆ ಎರಡು ಪದ ಸೇರಿಸದಿದ್ದರೆ ತಜ್ಞರಿಗೆ ತೋರಿಸಲೇಬೇಕು. ಬಂದ ಪದ ಯಾವಾಗಲೇ ನಿಂತುಹೋದರೂ ಒಂದು ದಿನವೂ ತಡ ಮಾಡಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್, ಬೆಳಗ್ಗೆ ಬೇಗ ಹೊರಡಿ. ಅವನು ಹೇಳುವ ಪದ, ಮಾಡುವ ಸನ್ನೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಚೇಚಿಯನ್ನೂ ಕೇಳಿ ಬರೆಯಿರಿ.