ಅನಾಹುತ ಆದ ತಕ್ಷಣ ಬರುವ ಸುದ್ದಿಯಲ್ಲಿ ಅಷ್ಟೊಂದು ತಪ್ಪು ಯಾಕಿರುತ್ತದೆ?

ಬೇಕಂತಲೇ ಸುಳ್ಳು ಹೇಳುವವರು ಕಡಿಮೆ. ಮೊದಲ ಗಂಟೆಯಲ್ಲಿ ಪೂರ್ತಿ ವಿಷಯ ಗೊತ್ತಿರುವವರೇ ಇರೋದಿಲ್ಲ.

ಶಿರಾ ಹತ್ತಿರ ಹೆದ್ದಾರಿಯಲ್ಲಿ ಅಪಘಾತ ಆಯ್ತು ಅಂದುಕೊಳ್ಳಿ. ಗಾಯಾಳುಗಳನ್ನು ಮೊದಲು ಶಿರಾ ಆಸ್ಪತ್ರೆಗೆ ಒಯ್ಯುತ್ತಾರೆ. ಪೆಟ್ಟು ಜಾಸ್ತಿ ಆದವರನ್ನು ಅಲ್ಲಿಂದ ತುಮಕೂರು ಜಿಲ್ಲಾಸ್ಪತ್ರೆಗೆ ಕಳಿಸುತ್ತಾರೆ. ವರದಿಗಾರರು ಎರಡೂ ಕಡೆ ಫೋನ್ ಮಾಡಿ ಕೂಡಿಸಿದರೆ ಒಬ್ಬರೇ ಎರಡು ಸಲ ಲೆಕ್ಕಕ್ಕೆ ಬರುತ್ತಾರೆ. ಪೊಲೀಸರ ಹತ್ತಿರವೂ ಆಗಿನ್ನೂ ಪಕ್ಕಾ ಪಟ್ಟಿ ಇರೋದಿಲ್ಲ. ಒಂದು ಚಾನೆಲ್ ಹೇಳಿದ ಸಂಖ್ಯೆಯನ್ನೇ ಉಳಿದವೂ ಹೇಳುತ್ತವೆ. ನಾಲ್ಕು ಕಡೆ ಬಂತಲ್ಲ, ನಿಜವೇ ಇರಬೇಕು ಅನ್ನಿಸುತ್ತದೆ. ಮೂಲ ಮಾತ್ರ ಒಂದೇ.

ಬಾಯಿಂದ ಬಾಯಿಗೆ ಹೋಗುವಾಗ ಮಾತು ಎಷ್ಟು ಕೆಡುತ್ತದೆ ಅನ್ನೋದಕ್ಕೆ 2006ರ ಜನವರಿಯಲ್ಲಿ ಅಮೆರಿಕದ ಸಾಗೊ ಕಲ್ಲಿದ್ದಲು ಗಣಿಯಲ್ಲಿ ಆದದ್ದನ್ನು ನೋಡಿ. ಒಳಗೆ 13 ಮಂದಿ ಸಿಕ್ಕಿಬಿದ್ದಿದ್ದರು. ರಕ್ಷಣಾ ತಂಡದವರು ಆಮ್ಲಜನಕದ ಮಾಸ್ಕ್ ಹಾಕಿಕೊಂಡೇ ಮಾತಾಡಬೇಕಿತ್ತು. ಆ ಮಾತು ಒಬ್ಬರಿಂದ ಒಬ್ಬರಿಗೆ ದಾಟಿ ಮೇಲೆ ಬರುವಷ್ಟರಲ್ಲಿ "12 ಜನ ಬದುಕಿದ್ದಾರೆ" ಅಂತಾಗಿತ್ತು. ಕಾಯುತ್ತಿದ್ದ ಮನೆಯವರು ಚರ್ಚಿನ ಗಂಟೆ ಬಾರಿಸಿ ಕುಣಿದಾಡಿದರು. ಎಷ್ಟೋ ಪತ್ರಿಕೆಗಳು ಹಾಗೇ ಅಚ್ಚಾದವು. ಸುಮಾರು ಮೂರು ಗಂಟೆಯ ನಂತರ ನಿಜ ತಿಳಿಯಿತು. ಸತ್ತವರು 12, ಉಳಿದವರು ಒಬ್ಬರೇ. ಆ ಮನೆಯವರನ್ನು ನೆನೆದರೆ ಈಗಲೂ ಕರುಳು ಹಿಂಡುತ್ತದೆ.

ಎಲ್ಲಿ ಆಯ್ತು, ಯಾವ ರಸ್ತೆ ಬಂದ್ ಅನ್ನೋದು ಮೊದಲೇ ಸರಿಯಾಗಿ ಬರೋದು ಜಾಸ್ತಿ. ಎಷ್ಟು ಜನ, ಯಾರು, ಯಾಕೆ ಅನ್ನೋದನ್ನು ಮಾತ್ರ ಮಾರನೇ ದಿನದವರೆಗೆ ಫ್ಯಾಮಿಲಿ ಗ್ರೂಪಿಗೆ ಕಳಿಸಬೇಡಿ.