ಅಭಿಷಿಕ್ತರ ಮಾತನ್ನು ಪರೀಕ್ಷಿಸುವುದು ಪಾಪವೇ?

ಪ್ರಶ್ನೆ: ನಮ್ಮ ಊರಿನ ಸುವಾರ್ತಾ ಕೂಟಕ್ಕೆ ಬಂದಿದ್ದ ಪ್ರಸಂಗಿಯೊಬ್ಬರು, ಸಕ್ಕರೆ ಕಾಯಿಲೆಯಿರುವ ನನ್ನ ನಾದಿನಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ‘ನೀನು ಗುಣವಾಗಿದ್ದೀ ಎಂದು ಕರ್ತನು ನನಗೆ ತಿಳಿಸಿದ್ದಾನೆ, ಇನ್ನು ಮಾತ್ರೆ ನುಂಗುವುದು ಅವಿಶ್ವಾಸ’ ಎಂದರು. ಅಂದಿನಿಂದ ಅವಳು ಮಾತ್ರೆ ಬಿಟ್ಟಿದ್ದಾಳೆ. ನಾನು ಸಂದೇಹಪಟ್ಟಾಗ ಸಭೆಯ ಹಿರಿಯರೊಬ್ಬರು, ದೇವರು ಅಭಿಷೇಕಿಸಿದವರನ್ನು ಮುಟ್ಟಬಾರದೆಂಬ ಕೀರ್ತನೆಯ ವಾಕ್ಯವನ್ನು ಹೇಳಿ ಗದರಿಸಿದರು. ದೇವಸೇವಕರ ಮಾತನ್ನು ಪರೀಕ್ಷಿಸುವುದು ಪಾಪವೇ?
– ಒಬ್ಬ ಸಹೋದರಿ, ಹಾಸನ ಜಿಲ್ಲೆ

ಉತ್ತರ: ಪ್ರಿಯ ಸಹೋದರಿ, ಈ ಉತ್ತರವನ್ನು ಪೂರ್ತಿ ಓದುವ ಮೊದಲೇ ನಿಮ್ಮ ನಾದಿನಿಯವರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ರಕ್ತದಲ್ಲಿ ಸಕ್ಕರೆ ಏರಿದ್ದರೂ ಎಷ್ಟೋ ದಿನ ಮೈಗೆ ಏನೂ ಅನ್ನಿಸದೆ ಇರಬಹುದಾದ್ದರಿಂದ, ಅವರು ಚೆನ್ನಾಗಿದ್ದೇನೆಂದು ಹೇಳಿದರೂ ರಕ್ತಪರೀಕ್ಷೆ ಆಗಲೇಬೇಕು. ಇದು ಅವಿಶ್ವಾಸವೆಂದು ಯಾರಾದರೂ ಹೇಳಿದರೆ, ಕುಷ್ಠರೋಗಿಯನ್ನು ಶುದ್ಧಮಾಡಿದ ಯೇಸುವೇ ಅವನಿಗೆ ‘ಹೋಗಿ ಯಾಜಕನಿಗೆ ತೋರಿಸಿಕೋ’ ಎಂದು ಆಜ್ಞಾಪಿಸಿದ್ದನ್ನು (ಮಾರ್ಕ 1:44) ನೆನಪಿಸಿ. ಕುಷ್ಠ ವಾಸಿಯಾಗಿದೆಯೇ ಎಂದು ಪರೀಕ್ಷಿಸಿ ಹೇಳುತ್ತಿದ್ದವರು ಅಂದು ಯಾಜಕರೇ. ಹಿಜ್ಕೀಯ ಅರಸನಿಗೆ ಪ್ರವಾದಿ ಯೆಶಾಯನ ಬಾಯಿಂದ ಇನ್ನೂ 15 ವರ್ಷ ಬದುಕುವೆಯೆಂಬ ವಾಗ್ದಾನ ದೊರೆತ ಮೇಲೂ ಅವನ ಹುಣ್ಣಿನ ಮೇಲೆ ಅಂಜೂರದ ಹಣ್ಣಿನ ಉಂಡೆಯನ್ನಿಟ್ಟರು (2 ಅರಸುಗಳು 20). ದೇವರ ಮಾತು ನಿಶ್ಚಯವಾಗಿದ್ದಾಗಲೂ ಔಷಧವನ್ನು ತಿರಸ್ಕರಿಸಲಿಲ್ಲವೆಂದ ಮೇಲೆ, ಯಾರದೋ ಘೋಷಣೆಯ ಬಲದಿಂದ ಮಾತ್ರೆಯನ್ನು ಬಿಡಿಸುವುದು ಗಂಭೀರವಾದ ತಪ್ಪು.

ಹಿರಿಯರು ಹೇಳಿದ ವಾಕ್ಯ 105ನೆಯ ಕೀರ್ತನೆಯ 15ನೆಯದು. ಅದರ ಹಿಂದಿನ ವಾಕ್ಯಗಳನ್ನು ಓದಿದರೆ, ಕೆಲವೇ ಮಂದಿಯಾಗಿ ಜನಾಂಗದಿಂದ ಜನಾಂಗಕ್ಕೆ ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರೆಂಬ ಮೂಲಪಿತೃಗಳಿಗೆ ಕೇಡು ಮಾಡದಂತೆ ದೇವರು ಅರಸರನ್ನು ಗದರಿಸಿದ ಮಾತು ಅದೆಂದು ತಿಳಿಯುತ್ತದೆ. ಬಲಹೀನರನ್ನು ಕಾಯಲು ಬಂದ ಮಾತನ್ನು ಬಲವುಳ್ಳವರ ಗುರಾಣಿ ಮಾಡಿಕೊಳ್ಳುವುದು ನನಗೆ ಬಹಳ ನೋವು ತರುತ್ತದೆ. ದಾವೀದನನ್ನೇ ನೋಡಿ. ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಅರಸನಾದ ಸೌಲನು ಏನ್ಗೆದಿಯ ಗವಿಯಲ್ಲಿ ಕೈಗೆ ಸಿಕ್ಕಿದರೂ ಅಭಿಷಿಕ್ತನೆಂದು ಅವನ ಮೇಲೆ ಕೈಯೆತ್ತಲಿಲ್ಲ. ಆದರೆ ಗವಿಯಿಂದ ಹೊರಗೆ ಬಂದು, ಸೌಲನನ್ನು ಕೂಗಿ ಕರೆದು ಅವನ ಅನ್ಯಾಯವನ್ನು ಎತ್ತಿ ಹೇಳಿದನು (1 ಸಮುವೇಲ 24). ಮುಟ್ಟದೆ ಇರುವುದು ಬೇರೆ, ಮಾತನಾಡದೆ ಇರುವುದು ಬೇರೆ.

ಪೌಲನ ಬೋಧನೆಯನ್ನೇ ಶಾಸ್ತ್ರಗಳೊಂದಿಗೆ ಪ್ರತಿದಿನ ಹೋಲಿಸಿ ನೋಡಿದ ಬೆರೋಯ ಎಂಬ ಊರಿನವರನ್ನು ಲೂಕನು ಹೊಗಳುತ್ತಾನೆಯೇ ಹೊರತು ದೂರುವುದಿಲ್ಲ (ಅಪೊಸ್ತಲರ ಕೃತ್ಯಗಳು 17:11). ಅವರು ವಾಕ್ಯವನ್ನು ಸಿದ್ಧಮನಸ್ಸಿನಿಂದ ಅಂಗೀಕರಿಸಿದವರೂ ಹೌದು ಎಂಬುದನ್ನು ಗಮನಿಸಿ. ಪ್ರವಾದಿಗಳು ಮಾತನಾಡುವಾಗ ಉಳಿದವರು ವಿವೇಚಿಸಲಿ ಎಂದು ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ.

ಹೇಗೆ ಪರೀಕ್ಷಿಸಬೇಕೆಂಬುದಕ್ಕೆ ನಾನು ಮತ್ತೆ ಮತ್ತೆ ತೆರೆಯುವುದು ಪ್ರವಾದಿ ಯೆರೆಮೀಯನ ಗ್ರಂಥದ 28ನೆಯ ಅಧ್ಯಾಯವನ್ನು. ಬಾಬೆಲಿನ ಅರಸನ ಆಳ್ವಿಕೆಯ ನೊಗವು ಎರಡು ವರ್ಷದೊಳಗೆ ಮುರಿಯುವುದೆಂದು ಹನನ್ಯನೆಂಬ ಪ್ರವಾದಿಯು ದೇವಾಲಯದಲ್ಲಿ ಸಾರಿದಾಗ ಯೆರೆಮೀಯನು ಮೊದಲು, ‘ಆಮೆನ್, ಕರ್ತನು ಹಾಗೆಯೇ ಮಾಡಲಿ’ ಎಂದನು. ಒಳ್ಳೆಯದಾಗಲೆಂಬ ಆಸೆ ಅವನಿಗೂ ಇತ್ತು. ಆಮೇಲೆ, ಸಮಾಧಾನವನ್ನು ನುಡಿಯುವ ಪ್ರವಾದಿಯು ನಿಜವಾದವನೆಂಬುದು ಅವನ ಮಾತು ನೆರವೇರಿದಾಗಲೇ ಗೊತ್ತಾಗುವುದೆಂದು ಹೇಳಿ, ಬಾಬೆಲಿಗೆ ಅಧೀನರಾಗಬೇಕೆಂಬುದಕ್ಕೆ ಗುರುತಾಗಿ ತಾನು ಹೆಗಲಿನ ಮೇಲೆ ಹೊತ್ತಿದ್ದ ನೊಗವನ್ನು ಹನನ್ಯನು ಮುರಿದಾಗ ಜಗಳಕ್ಕಿಳಿಯದೆ ಹೊರಟುಹೋದನು. ದೇವರಿಂದ ಮಾತು ಬಂದ ಮೇಲೆಯೇ ತಿರುಗಿ ಬಂದು, ‘ಕರ್ತನು ನಿನ್ನನ್ನು ಕಳುಹಿಸಲಿಲ್ಲ’ ಎಂದು ನೇರವಾಗಿ ನುಡಿದನು.

ಆದುದರಿಂದ ಆ ಹಿರಿಯರೊಡನೆ ಸಭೆಯ ಎದುರಿನಲ್ಲಿ ವಾದಿಸಬೇಡಿ. ನಂಬಿಕಸ್ಥರಾದ ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡು ಅವರ ಮನೆಗೆ ಹೋಗಿ, 105ನೆಯ ಕೀರ್ತನೆಯನ್ನು 8ನೆಯ ವಾಕ್ಯದಿಂದ ಒಟ್ಟಿಗೆ ಓದೋಣವೆಂದು ಕೇಳಿಕೊಳ್ಳಿ. ರಕ್ತಪರೀಕ್ಷೆಯ ವರದಿಯನ್ನೂ ಅವರ ಮುಂದಿಡಿ. ನಾದಿನಿಯವರನ್ನು ಮಾತ್ರ ಯಾವ ಕಾರಣಕ್ಕೂ ಹಳಿಯಬೇಡಿ, ಏಕೆಂದರೆ ದೇವರಿಗೆ ವಿಧೇಯಳಾಗುತ್ತಿದ್ದೇನೆಂದೇ ನಂಬಿ ಅವರು ಮಾತ್ರೆಯನ್ನು ಬಿಟ್ಟಿದ್ದಾರೆ.